ಖಾಲಿ ಹೊಟ್ಟೆಯಲ್ಲಿ ಬಂದ ಕಾರು

ಕಾರಿನ ಹೊಗೆ ಪರೀಕ್ಷೆಯನ್ನು ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕು ಎಂದು ಪ್ರಭಾಕರನ್ ನಂಬಿದ್ದ. ಖಾಲಿ ಇರಬೇಕಾದ ಹೊಟ್ಟೆ ಅವನದಲ್ಲ, ಕಾರಿನದು.

ತಪ್ಪು ಪೂರ್ತಿ ಅವನದೇ ಎನ್ನಲಾಗದು. ಆರು ವರ್ಷದಿಂದ ಅವನು ತಮಿಳು ಸೀಮೆಯ ಸಿಂಗಾನಲ್ಲೂರಿನ ಒಂದು ಲ್ಯಾಬಿನಲ್ಲಿ ಸಂಬಳಕ್ಕಿದ್ದ. ಬೆಳಗ್ಗೆ ಆರಕ್ಕೆ ಮೊಪೆಡ್ ಹತ್ತಿ, ಮನೆಮನೆಗೆ ಹೋಗಿ, ಸಕ್ಕರೆ ಕಾಯಿಲೆಯವರ ರಕ್ತ ತೆಗೆದು ತರುವುದು ಅವನ ಕೆಲಸ. ಹೀಗಾಗಿ ಪ್ರಪಂಚದ ಪರೀಕ್ಷೆಗಳೆಲ್ಲ ಅವನ ಪಾಲಿಗೆ ಎರಡೇ ಬಗೆ: ತಿನ್ನುವ ಮುಂಚಿನದು, ತಿಂದ ಮೇಲಿನದು. ಹೊಗೆ ಪರೀಕ್ಷೆ ಮೊದಲನೆಯ ಬಗೆಯದು ಎಂದು ಅವನು ಯಾರನ್ನೂ ಕೇಳದೆ ತೀರ್ಮಾನಿಸಿದ. ಕೇಳದೆ ತೀರ್ಮಾನಿಸುವುದರಲ್ಲಿ ಅವನು ಚಿಕ್ಕಂದಿನಿಂದಲೂ ಚುರುಕು.

ಆ ಭಾನುವಾರ ಸಂಜೆ ಕಾರಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ, ಮನೆಯವರಿಗೆ ಅಪ್ಪಣೆ ಹೊರಡಿಸಿದ. “ನಾಳೆ ಬೆಳಗ್ಗೆವರ್ಗೂ ಯಾರೂ ವಂಡಿ ಸ್ಟಾರ್ಟ್ ಮಾಡ್ಬಾರ್ದು. ಹನ್ನೆರಡು ಗಂಟೆ ಉಪವಾಸ.”

ಮಗನನ್ನು ‘ಕಣ್ಣು’ ಎಂದೇ ಕರೆಯುವ ಅವನ ಅಮ್ಮ ಸಾಂತಿ ಕಾರಿನ ಕಡೆ ಕನಿಕರದಿಂದ ನೋಡಿದರು. “ನೀರಾದ್ರೂ ಕುಡೀಬೋದಾ ಕಣ್ಣು?”

ಪ್ರಭಾಕರನ್ ಗಂಭೀರವಾಗಿ ಯೋಚಿಸಿದ. ರೋಗಿಗಳು ದಿನಾ ಕೇಳುವ ಪ್ರಶ್ನೆಯೇ ಅದು. “ನೀರು ಕುಡೀಬೋದು” ಎಂದು ಹೇಳಿ, ರೇಡಿಯೇಟರಿಗೆ ಎರಡು ಚೊಂಬು ಸುರಿದ.

ಸೋಮವಾರ ಬೆಳಗ್ಗೆ ಪಕ್ಕದ ಮನೆಯ ಇಬ್ಬರನ್ನು ಚಹಾದ ಆಸೆ ತೋರಿಸಿ ಎಬ್ಬಿಸಿ, ಮೂವರೂ ಸೇರಿ ಆ ಬಿಳಿ ಕಾರನ್ನು ಕೆರೆ ಬೀದಿಯಿಂದ ತಿರುಚ್ಚಿ ರಸ್ತೆಯ ಪೆಟ್ರೋಲ್ ಬಂಕಿನವರೆಗೂ ತಳ್ಳಿದರು. ಅರ್ಧ ಕಿಲೋಮೀಟರ್. ದಾರಿಯಲ್ಲಿ ಬಸ್ಸಿನವರು ಬೈದರು, ಹಾಲಿನವನು ಅಯ್ಯೋ ಎಂದ. ನಿಯಮ ಪಾಲಿಸುವವನಿಗೆ ಇಂಥದ್ದೆಲ್ಲ ಇದ್ದದ್ದೇ ಎಂಬ ಮುಖ ಮಾಡಿಕೊಂಡು ಪ್ರಭಾಕರನ್ ತಳ್ಳಿದ.

ಬಂಕಿನ ಮೂಲೆಯಲ್ಲಿ ನೀಲಿ ತಗಡಿನ ಒಂದು ಗೂಡು. ಒಳಗೆ ಒಂದು ಕಂಪ್ಯೂಟರು, ಹೊಗೆ ಅಳೆಯುವ ಮೆಷಿನ್ನು, ಸೈಲೆನ್ಸರಿಗೆ ತುರುಕುವ ಉದ್ದನೆಯ ಪೈಪು, ಇವುಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ರಂಗನಾಯಕಿ. ಐವತ್ತಾರು ವರ್ಷದ ಹೆಂಗಸು. ಕನ್ನಡಕಕ್ಕೆ ದಾರದ ಬದಲು ರೇಷ್ಮೆ ಎಳೆಗಳನ್ನು ಹುರಿಮಾಡಿ ಕಟ್ಟಿಕೊಂಡಿದ್ದರು. ಪ್ರತಿ ತಿಂಗಳ ಮೊದಲ ಮಂಗಳವಾರ ಅವರ ಎಡಗೈಯಿಂದ ರಕ್ತ ತೆಗೆಯುವವನು ಪ್ರಭಾಕರನೇ. ಆದರೂ ಆ ದಿನದ ತನಕ ಅವರಿಬ್ಬರ ನಡುವೆ ಮಾತೆಂದರೆ “ಮುಷ್ಟಿ ಬಿಗಿ ಮಾಡಿ ಅಕ್ಕ”, “ಬಿಗಿ ಮಾಡ್ದೆ ತಂಬಿ”, ಇಷ್ಟೇ.

“ವಂಡಿ ಕೆಟ್ಟಿದ್ರೆ ಮೆಕ್ಯಾನಿಕ್ಕು ಎದುರುಗಡೆ” ಅಂದರು ರಂಗನಾಯಕಿ, ತಲೆಯೆತ್ತದೆ.

“ಕೆಟ್ಟಿಲ್ಲ ಅಕ್ಕ. ಹೊಗೆ ಟೆಸ್ಟಿಗೆ ಬಂದದೆ. ನಿನ್ನೆ ಸಾಯಂಕಾಲದಿಂದ ಸ್ಟಾರ್ಟೇ ಮಾಡಿಲ್ಲ.” ಬೆವರು ಒರೆಸಿಕೊಳ್ಳುತ್ತ ಹೆಮ್ಮೆಯಿಂದ ಹೇಳಿದ.

“ಯಾಕೆ?”

“ಫಾಸ್ಟಿಂಗ್.”

ರಂಗನಾಯಕಿ ಕನ್ನಡಕ ತೆಗೆದರು. ಕಾರನ್ನು ನೋಡಿದರು, ಅವನನ್ನು ನೋಡಿದರು, ಏದುಸಿರು ಬಿಡುತ್ತಿದ್ದ ಇಬ್ಬರನ್ನೂ ನೋಡಿದರು. ಅವರು ನಗುವವರಲ್ಲ. ನಗಬೇಕಾದ ಸಂದರ್ಭ ಬಂದರೆ ಬಂಕಿನಲ್ಲಿ ಪೆಟ್ರೋಲ್ ಹಾಕುವ ಸೆಲ್ವಿಯನ್ನು ಕರೆದು ಅವಳಿಗೆ ಒಪ್ಪಿಸಿಬಿಡುತ್ತಿದ್ದರು.

“ಏ ಸೆಲ್ವಿ, ಇಲ್ಲಿ ಬಾ. ನಮ್ಮ ರಕ್ತದ ತಂಬಿ ವಂಡೀಗೆ ಉಪವಾಸ ಹಾಕಿ ಕರ್ಕೊಂಡು ಬಂದವ್ನೆ.”

ಸೆಲ್ವಿ ಇಬ್ಬರ ಪಾಲಿನದನ್ನೂ ಸೇರಿಸಿ ನಕ್ಕಳು. ಸಾಲಿನಲ್ಲಿದ್ದ ಬೈಕಿನವರು ಹೆಲ್ಮೆಟ್ಟಿನೊಳಗೆ ನಕ್ಕರು.

“ಎಂಜಿನ್ ಚೆನ್ನಾಗಿ ಕಾದಿರ್ಬೇಕು ತಂಬಿ” ಎಂದರು ರಂಗನಾಯಕಿ. “ತಣ್ಣಗಿರೋ ಎಂಜಿನ್ನು ಮೆಷಿನ್ನಿಗೆ ಸುಳ್ಳು ಹೇಳ್ತದೆ. ಹೋಗು, ಕೆರೆ ಸುತ್ತ ಎರಡು ಸುತ್ತು ಹಾಕ್ಕೊಂಡು ಬಾ.”

ಎರಡು ಸುತ್ತು ಹಾಕಿ ಬಂದ. ನಂಬರ್ ಪ್ಲೇಟಿನ ಫೋಟೋ ತೆಗೆದು, ಪೈಪನ್ನು ಸೈಲೆನ್ಸರಿಗೆ ತುರುಕಿದರು. ಪರದೆಯ ಮೇಲೆ ಅಂಕಿ ಏರುತ್ತ ಹೋಯಿತು. ಅವನ ಕಾರಿನ ಕಾಲದ ಪೆಟ್ರೋಲ್ ವಾಹನಕ್ಕೆ ಕಾರ್ಬನ್ ಮಾನಾಕ್ಸೈಡ್ ಅರ್ಧ ಪರ್ಸೆಂಟ್ ದಾಟಬಾರದು, ಅಂದರೆ ಸೊನ್ನೆ ಬಿಂದು ಐದು. ಕಾರು ಒಂದು ಬಿಂದು ಎಂಟರಲ್ಲಿ ನಿಂತಿತು.

“ಫೇಲ್” ಎಂದರು ರಂಗನಾಯಕಿ. “ಮುಂದಿನ ವಂಡಿ.”

ಇದು ಫೇಲಾದರೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಕೆರೆ ಬೀದಿಯ ಆ ಮನೆಯೊಳಗೆ ಒಮ್ಮೆ ಹೋಗಿ ಬರಬೇಕು. ಹೋದವರಿಗೆ ಮೊದಲು ಕಿವಿ ಕೇಳಿಸುವುದಿಲ್ಲ. ಮನೆಯ ಹಿಂಭಾಗದ ಶೆಡ್ಡಿನಲ್ಲಿ ಪ್ರಭಾಕರನ ಅಪ್ಪ ರಾಮಲಿಂಗಂ ಅವರ ನಾಲ್ಕು ಪವರ್‌ಲೂಮು, ಅವರ ಮಾತಿನಲ್ಲಿ ನಾಲ್ಕು ತರಿ, ಬೆಳಗಿನಿಂದ ರಾತ್ರಿಯವರೆಗೂ ಟಕಟಕ ಹೊಡೆಯುತ್ತವೆ. ತಾತನ ತಾತನ ಕಾಲದಲ್ಲಿ ಈ ಸೀಮೆಗೆ ಬಂದು ನೆಲೆ ನಿಂತ ಕನ್ನಡದ ನೇಯ್ಗೆಯವರು ಅವರು. ಆ ಮನೆಯಲ್ಲಿ ಕನ್ನಡವನ್ನು ಆಡುತ್ತಿದ್ದರು ಎನ್ನುವುದಕ್ಕಿಂತ ಕಿರುಚುತ್ತಿದ್ದರು ಎನ್ನುವುದೇ ಸರಿ. ಉಪ್ಪು ಬೇಕೆಂದರೆ ಕಿರುಚಬೇಕು, ಬೇಡವೆಂದರೆ ಇನ್ನೂ ಜೋರಾಗಿ ಕಿರುಚಬೇಕು. ಗುಟ್ಟು ಎಂಬುದು ಆ ಮನೆಗೆ ಎಂದೂ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ಪ್ರಭಾಕರನ್ ಸೂಲೂರಿನ ಒಬ್ಬ ಡಾಕ್ಟರಿಂದ ಆ ಹಳೆಯ ಬಿಳಿ ಕಾರನ್ನು ಕೊಂಡು ತಂದ. ತರಿ ಶೆಡ್ಡಿನ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿದ. ಕೆರೆ ಬೀದಿಯಲ್ಲಿ ಕಾರು ಇಟ್ಟ ಮೊದಲ ಸಂಬಳಗಾರ ತಾನೇ ಎಂದು ನಾಲ್ಕು ದಿನ ಎದೆ ಉಬ್ಬಿಸಿ ತಿರುಗಿದ. ಐದನೆಯ ದಿನ ಒಂದು ಸತ್ಯ ಹೊರಬಿತ್ತು. ಅವನಿಗೆ ಮುಂದಕ್ಕೆ ಓಡಿಸಲು ಬರುತ್ತಿತ್ತು, ಹಿಂದಕ್ಕೆ ಅಷ್ಟಾಗಿ ಬರುತ್ತಿರಲಿಲ್ಲ. ಆ ಸಣ್ಣ ಜಾಗಕ್ಕೆ ಕಾರನ್ನು ಹಿಮ್ಮುಖವಾಗಿ ತೂರಿಸುವಷ್ಟರಲ್ಲಿ ಬೀದಿಯವರೆಲ್ಲ ಹೊರಬಂದು ಆಳಿಗೊಂದು ದಿಕ್ಕು ತೋರಿಸುತ್ತಿದ್ದರು. ಹಾಗಾಗಿ ಅವನು ಕೆಲಸಕ್ಕೆ ಮೊಪೆಡ್ಡಿನಲ್ಲೇ ಹೋಗುತ್ತಿದ್ದ. ಕಾರು ನಿಂತಲ್ಲೇ ನಿಂತಿತು.

ಆಗ ಸಾಂತಿ ಒಂದು ದಿನ ಫೋನ್ ಹಿಡಿದು ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡರು. ಎಳೆದುಕೊಂಡವರು ಹಾಗೇ ಕೂತುಬಿಟ್ಟರು. ಮದುವೆಯಾಗಿ ಮೂವತ್ತು ವರ್ಷಕ್ಕೆ ಮೊದಲ ಸಲ ಅವರಿಗೆ ತಮ್ಮ ಉಸಿರು ತಮಗೇ ಕೇಳಿಸಿತ್ತು. ಅವತ್ತಿನಿಂದ ಅದು ಮನೆಯ ಇನ್ನೊಂದು ಕೋಣೆಯಾಯಿತು. ಸಿರುಮುಗೈಗೆ ಮದುವೆಯಾಗಿ ಹೋದ ಮಗಳು ಸುಗನ್ಯಾಳ ಜೊತೆ ಸಾಂತಿ ಮಧ್ಯಾಹ್ನ ಎರಡು ಗಂಟೆ ಹೊತ್ತು ಮಾತಾಡುವುದು ಅಲ್ಲೇ, ಅವರೆಕಾಯಿ ಬಿಡಿಸುವುದು ಅಲ್ಲೇ, ಅಳು ಬಂದರೆ ಅಳುವುದೂ ಅಲ್ಲೇ. ಕಾರು ಇಲ್ಲದಿದ್ದರೆ ಆ ಮನೆಯಲ್ಲಿ ಮೌನಕ್ಕೆ ಕೂರಲು ಜಾಗವಿರಲಿಲ್ಲ.

ಆದರೆ ಅದೇ ಜಾಗದ ಮೇಲೆ ರಾಮಲಿಂಗಂ ಅವರ ಕಣ್ಣು ಬಿದ್ದಿತ್ತು. ಅಲ್ಲಿ ಐದನೆಯ ತರಿ ಹಾಕಬಹುದು ಎಂಬುದು ಅವರ ಲೆಕ್ಕ. ಕಾರಿಗೆ ಹದಿನೈದು ವರ್ಷ ತುಂಬುತ್ತಿತ್ತು. ಇನ್ನೂ ಓಡಿಸಬೇಕೆಂದರೆ ಮುಂದಿನ ಸೋಮವಾರ ಆರ್.ಟಿ.ಓ. ಕಚೇರಿಯಲ್ಲಿ ತೋರಿಸಿ ಆರ್.ಸಿ.ಯನ್ನು ಇನ್ನೈದು ವರ್ಷಕ್ಕೆ ಹೊಸದು ಮಾಡಿಸಬೇಕು, ಅದಕ್ಕೆ ಹೊಗೆ ಸರ್ಟಿಫಿಕೇಟು ಬೇಕೇ ಬೇಕು. ಹಳೆಯದರ ವಾಯಿದೆ ಶನಿವಾರಕ್ಕೆ ಮುಗಿಯುತ್ತಿತ್ತು. ಅದನ್ನು ಇನ್ಶೂರೆನ್ಸ್ ಏಜೆಂಟು ಎಲ್ಲಿಂದಲೋ ಬರೆಸಿ ತಂದು ಕೊಟ್ಟಿದ್ದ. ಕಾರಾಗಲಿ ಪ್ರಭಾಕರನಾಗಲಿ ಆ ಪರೀಕ್ಷೆಯ ಮುಖ ಕಂಡಿರಲಿಲ್ಲ.

“ಶನಿವಾರ ಸಾಯಂಕಾಲ ಆರು ಗಂಟೆ” ಎಂದು ರಾಮಲಿಂಗಂ ಕಿರುಚಿದ್ದರು. “ಸರ್ಟಿಫಿಕೇಟು ಬಂದ್ರೆ ವಂಡಿ. ಇಲ್ಲಾಂದ್ರೆ ತರಿ. ಹಳೇ ಕಬ್ಬಿಣದವನಿಗೆ ಹೇಳಿಟ್ಟಿದ್ದೀನಿ.”

ಹಳೇ ಕಬ್ಬಿಣದವನು ಅಂದರೆ ಮಯಿಲ್‌ಸಾಮಿ. ತುಂಬ ಮರ್ಯಾದೆಯ ಮನುಷ್ಯ. ಟೆಂಪೋದಲ್ಲಿ ದಿನಾ ಆ ಬೀದಿಗೆ ಬಂದು, ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, “ಹೆಂಗದೆ ಈಗ?” ಎಂದು ಆಸ್ಪತ್ರೆಗೆ ಬಂದ ನೆಂಟನ ಹಾಗೆ ವಿಚಾರಿಸಿ ಹೋಗುತ್ತಿದ್ದ. ಒಳಗೆ ಕೂತು ಫೋನಿನಲ್ಲಿರುತ್ತಿದ್ದ ಸಾಂತಿ ಗಾಜಿನೊಳಗಿಂದಲೇ ಅವನನ್ನು ದುರುಗುಟ್ಟಿ ನೋಡುತ್ತಿದ್ದರು.

ಈಗ ರಂಗನಾಯಕಿಯ ವಿಷಯ. ಅವರನ್ನು ಬಗ್ಗಿಸಿ ಸರ್ಟಿಫಿಕೇಟು ಪಡೆಯಬಹುದೇ ಎಂದು ಪ್ರಭಾಕರನ್ ಸೋಮವಾರ ಪೂರ್ತಿ ಅಲ್ಲಿ ಇಲ್ಲಿ ವಿಚಾರಿಸಿದ. ಸಿಕ್ಕ ಮಾಹಿತಿಯೆಲ್ಲ ಅವನ ಧೈರ್ಯವನ್ನು ಕುಂದಿಸುವಂಥದ್ದೇ ಆಗಿತ್ತು.

ಆಕೆ ಸಿರುಮುಗೈಯ ರೇಷ್ಮೆ ಮಗ್ಗದ ಮನೆಯಲ್ಲಿ ಹುಟ್ಟಿದವರು. ಸೀರೆ ನೇಯ್ದು ಮುಗಿದ ಮೇಲೆ ಅಂಗಳದಲ್ಲಿ ಬಿಸಿಲಿಗೆ ಹಿಡಿದು ತಪ್ಪು ಹುಡುಕುವ ಕೆಲಸ ಎಂಟನೆಯ ವಯಸ್ಸಿನಿಂದ ಅವರದು. ಒಂದು ಎಳೆ ಬಿಟ್ಟುಹೋಗಿದ್ದರೂ ಅವರ ಬೆರಳು ಅಲ್ಲೇ ಹೋಗಿ ನಿಲ್ಲುತ್ತಿತ್ತು. ಅವರ ಮದುವೆಗೆ ಗಂಡಿನ ಕಡೆಯವರು ತಂದ ಸೀರೆಯನ್ನೂ ಹಿಂದಿನ ದಿನ ಹಾಗೇ ಬಿಸಿಲಿಗೆ ಹಿಡಿದರಂತೆ. ಅಂಚಿನಿಂದ ಮೂರು ಗೇಣು ಒಳಗೆ ತಪ್ಪು ಸಿಕ್ಕಿತು. ಸೀರೆ ವಾಪಸ್ ಹೋಯಿತು. ಹೊಸದು ಬರುವಷ್ಟರಲ್ಲಿ ಮುಹೂರ್ತಕ್ಕೆ ಕಾಲು ಗಂಟೆ ಬಾಕಿ. ಮದುಮಗ ಲೋಗನಾಥನ್ ಅವತ್ತೇ ಬೆವರಲು ಶುರುಮಾಡಿದವರು ಇನ್ನೂ ನಿಲ್ಲಿಸಿಲ್ಲ ಎಂದು ಸೆಲ್ವಿ ಹೇಳುತ್ತಿದ್ದಳು.

ಹೊಗೆ ಮೆಷಿನ್ನು ತಂದವರೂ ಲೋಗನಾಥನ್ನೇ. ತಾವು ಕೆಲಸಕ್ಕಿದ್ದ ಗಿರಣಿ ಮುಚ್ಚಿದ ಮೇಲೆ ಈ ಗೂಡು ಇಟ್ಟರು. ಒಳ್ಳೆಯ ಮನುಷ್ಯ. ಪೈಪನ್ನು ಸೈಲೆನ್ಸರಿಗೆ ಹಾಕಿ, ಪರದೆ ನೋಡುವ ಬದಲು ಗಾಡಿಯವನ ಮುಖ ನೋಡುತ್ತಿದ್ದರು. ಮುಖ ಬಾಡಿದ್ದರೆ ಅವರ ಕೈ ತಾನಾಗಿಯೇ ಪಾಸ್ ಒತ್ತುತ್ತಿತ್ತು. ಒಂಬತ್ತು ವರ್ಷದಲ್ಲಿ ಅವರು ಯಾರನ್ನೂ ಫೇಲ್ ಮಾಡಲಿಲ್ಲ. ಆಮೇಲೆ ಚಿಕುನ್‌ಗುನ್ಯಾ ಬಂದು ಮಲಗಿದರು. ತರಬೇತಿಯ ಕಾಗದ ಮೊದಲೇ ಮಾಡಿಸಿಟ್ಟಿದ್ದ ರಂಗನಾಯಕಿ ಬಂದು ಕುರ್ಚಿಯಲ್ಲಿ ಕೂತರು. ಮೊದಲ ದಿನ ಹದಿಮೂರು ಗಾಡಿ ಬಂದವು, ಹನ್ನೊಂದು ಫೇಲು. ಹದಿನಾಲ್ಕನೆಯದಾಗಿ ಮನೆಯಿಂದ ಗಂಡನ ಮೊಪೆಡ್ಡನ್ನೇ ತರಿಸಿ ಪೈಪು ಹಾಕಿದರು. ಅದೂ ಫೇಲು. ಮೈಕೈ ನೋವು ವಾಸಿಯಾಗಿ ಲೋಗನಾಥನ್ ಎದ್ದು ಬಂದಾಗ ಕುರ್ಚಿ ಅವರದಾಗಿ ಉಳಿದಿರಲಿಲ್ಲ. ಈಗ ಅವರು ಮನೆಯಲ್ಲಿ ಅಡುಗೆ ಮಾಡುತ್ತಾರೆ. ಮಧ್ಯಾಹ್ನ ಕ್ಯಾರಿಯರ್ ಹಿಡಿದು ಗೂಡಿಗೆ ನಡೆದೇ ಬರುತ್ತಾರೆ.

ಇಷ್ಟೆಲ್ಲ ತಿಳಿದ ಮೇಲೂ ಪ್ರಭಾಕರನ್ ಮಂಗಳವಾರ ಬೆಳಗ್ಗೆ ಒಂದು ಯೋಜನೆ ಹಾಕಿಕೊಂಡೇ ರಂಗನಾಯಕಿಯ ಮನೆಗೆ ಹೋದ. ಅದು ಅವರ ರಕ್ತದ ದಿನ. ತೋಳಿಗೆ ರಬ್ಬರು ಬಿಗಿದು, ಸೂಜಿ ಹಿಡಿದು, ಮೆಲ್ಲಗೆ ಶುರುಮಾಡಿದ.

“ಅಕ್ಕ, ಹೋದ ತಿಂಗಳು ನಿಮ್ಮ ಸಕ್ಕರೆ ಇನ್ನೂರ ಮೂವತ್ತು ದಾಟಿತ್ತು.”

“ಗೊತ್ತು.”

“ಡಾಕ್ಟರು ಬೈದಿರ್ಬೇಕು.”

“ಬೈದ್ರು. ಅದಕ್ಕೆ?”

“ಸಕ್ಕರೆ ನಂಬರ್ ನನ್ನ ಕೈಯಲ್ಲಿ ಅದೆ, ಹೊಗೆ ನಂಬರ್ ನಿಮ್ಮ ಕೈಯಲ್ಲಿ ಅದೆ. ಒಬ್ಬರಿಗೊಬ್ಬರು ಸ್ವಲ್ಪ...” ನಿಜ ಹೇಳಬೇಕೆಂದರೆ ಸಕ್ಕರೆಯ ನಂಬರೂ ಅವನ ಕೈಯಲ್ಲಿರಲಿಲ್ಲ. ಲ್ಯಾಬಿನಲ್ಲಿ ಅದನ್ನು ಮುಟ್ಟುವುದಿರಲಿ, ಆ ಕೋಣೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವ ಅಧಿಕಾರವೂ ಅವನಿಗಿರಲಿಲ್ಲ.

ರಂಗನಾಯಕಿ ತೋಳು ಕದಲಿಸದೆ ಅವನನ್ನು ಬಿಸಿಲಿಗೆ ಹಿಡಿದ ಸೀರೆಯ ಹಾಗೆ ನೋಡಿದರು.

“ನನ್ನ ಸಕ್ಕರೆ ನನ್ನ ಮೈಯೊಳಗೇ ಇರ್ತದೆ ತಂಬಿ. ನಿನ್ನ ಹೊಗೆ ಊರಿನವರ ಮೂಗಿಗೆಲ್ಲ ಹೋಗ್ತದೆ. ಎರಡೂ ಒಂದೇ ತಕ್ಕಡೀಲಿ ಹಾಕ್ಬೇಡ. ಸೂಜಿ ಚುಚ್ಚು.”

ಆರು ವರ್ಷದಲ್ಲಿ ಮೊದಲ ಸಲ ಅವನಿಗೆ ನರ ಸಿಗದೆ ಎರಡು ಕಡೆ ಚುಚ್ಚಬೇಕಾಯಿತು.

“ಇದಕ್ಕೂ ಒಂದು ಪರೀಕ್ಷೆ ಇಡ್ಬೇಕು” ಎಂದರು ರಂಗನಾಯಕಿ, ಹತ್ತಿಯನ್ನು ಒತ್ತಿಕೊಳ್ಳುತ್ತ.

ಬುಧವಾರ ಬೆಳಗ್ಗೆ ಅವನ ತಲೆಗೆ ಬೇರೊಂದು ಬೆಳಕು ಹೊಳೆಯಿತು. ರಕ್ತದ ಡಬ್ಬಿ ಹೊತ್ತು ಬಂಕಿನ ಮುಂದೆ ಹೋಗುತ್ತಿದ್ದಾಗ ಗೂಡಿನ ಪಕ್ಕ ಮಯಿಲ್‌ಸಾಮಿಯ ಟೆಂಪೋ ನಿಂತಿತ್ತು. ಗೂಡಿನೊಳಗೆ ಮಯಿಲ್‌ಸಾಮಿಯೇ ಕೂತು ಇಡ್ಲಿ ತಿನ್ನುತ್ತಿದ್ದ. “ಅಕ್ಕಾ, ಚಟ್ನಿ ಇನ್ನೊಂಚೂರು” ಎನ್ನುತ್ತಿದ್ದ. ಆ ಅಕ್ಕ ಬೀದಿಯ ಅಕ್ಕ ಅಲ್ಲ, ಒಡಹುಟ್ಟಿದ ಅಕ್ಕ ಎಂಬುದು ಚಟ್ನಿ ಕೇಳಿದ ಸಲಿಗೆಯಲ್ಲೇ ಗೊತ್ತಾಗುತ್ತಿತ್ತು. ಇಬ್ಬರ ಮೂಗೂ ಒಂದೇ ಅಚ್ಚಿನದು.

ಪ್ರಭಾಕರನ್ ಯಾರನ್ನೂ ಕೇಳದೆ ತೀರ್ಮಾನಿಸಿದ: ಅಕ್ಕ ಫೇಲ್ ಮಾಡುತ್ತಾಳೆ, ತಮ್ಮ ಕಬ್ಬಿಣಕ್ಕೆ ಒಯ್ಯುತ್ತಾನೆ. ಎಂಥ ಸಂಸಾರ!

ಸಾಯಂಕಾಲ ನ್ಯಾಯ ಕೇಳಲು ಹೊರಟ. ಒಬ್ಬನೇ ಹೋಗಲು ಧೈರ್ಯ ಸಾಲದೆ ಅಮ್ಮನನ್ನೂ ಕರೆದ. ಸಾಂತಿ ಆಗಲೇ ಕಾರಿನ ಹಿಂದಿನ ಸೀಟಿನಲ್ಲಿ ಫೋನಿನೊಂದಿಗೆ ಇದ್ದುದರಿಂದ ಅವರನ್ನು ಬೇರೆಯಾಗಿ ಹತ್ತಿಸುವ ಕೆಲಸ ತಪ್ಪಿತು.

ಮಯಿಲ್‌ಸಾಮಿ ಇನ್ನೂ ಗೂಡಿನ ಹೊರಗೆ ಸ್ಟೂಲಿನ ಮೇಲಿದ್ದ. ಪ್ರಭಾಕರನ್ ಕಾರು ಇಳಿದು ದನಿ ಏರಿಸಿದ. “ಅಕ್ಕ, ಇವ್ರು ನಿಮ್ಮ ತಮ್ಮ ತಾನೆ?”

“ಹೌದು. ಕಡೆಯವನು.”

“ಅಂದ್ರೆ ನೀವು ಫೇಲ್ ಮಾಡಿದ್ರೆ ವಂಡಿ ಇವ್ರಿಗೆ!”

ರಂಗನಾಯಕಿಗೆ ಸಿಟ್ಟು ಬರಲಿಲ್ಲ. ತಮ್ಮನ ಕಡೆ ತಿರುಗಿದರು. “ಲೇ, ನಿನ್ನ ಟೆಂಪೋ ಕಥೆ ಹೇಳು ತಂಬಿಗೆ.”

ಮಯಿಲ್‌ಸಾಮಿ ತಲೆ ತಗ್ಗಿಸಿದ. “ಮೂರು ಸಲ ಫೇಲು. ನಾಲ್ಕನೇ ಸಲ ನಮ್ಮಮ್ಮನ್ನ ಕರ್ಕೊಂಡು ಬಂದೆ. ಅಮ್ಮ ಅತ್ರು. ಆಗ್ಲೂ ಫೇಲು. ಹೊಸ ಎಂಜಿನ್ ಹಾಕಿಸ್ದೆ ತಂಬಿ.”

ಪ್ರಭಾಕರನ ನ್ಯಾಯ ಅಲ್ಲಿಗೇ ಮುಗಿಯಿತು. ರಂಗನಾಯಕಿ ಎದ್ದು ಬಂದು ಕಾರಿನ ಮುಂದಿನ ಬಾಗಿಲು ತೆಗೆದರು. ಬಾಗಿಲ ಅಂಚಿಗೆ ಮೆಕ್ಯಾನಿಕ್ಕು ಅಂಟಿಸಿದ್ದ ಚೀಟಿ ಓದಿದರು. ಎಂಟು ತಿಂಗಳ ಹಿಂದೆ ಆಯಿಲ್ ಬದಲಿಸಿದ ದಿನ ಕಾರು ಎಷ್ಟು ಓಡಿತ್ತು ಎಂಬುದು ಅದರಲ್ಲಿತ್ತು. ಬಗ್ಗಿ ಮೀಟರನ್ನೂ ಓದಿದರು. ಮತ್ತೆ ಚೀಟಿ ನೋಡಿದರು.

“ಎಂಟು ತಿಂಗಳಲ್ಲಿ ನಲವತ್ತೈದು ಕಿಲೋಮೀಟರ್. ಈ ವಂಡಿ ಎಲ್ಲಿಗೆ ಹೋಗ್ತದೆ?”

ಉತ್ತರ ಸೆಲ್ವಿಯಿಂದ ಬಂತು. “ಎಲ್ಲಿಗೂ ಹೋಗಲ್ಲ ಅಕ್ಕ. ವಾರ ವಾರ ಇಲ್ಲಿಗೆ ಬರ್ತದೆ, ಪೆಟ್ರೋಲ್ ಹಾಕ್ಕೊಂಡು ಮನೆಗೆ ಹೋಗ್ತದೆ. ಮುಂದಿನ ವಾರ ಮತ್ತೆ ಬರ್ತದೆ.”

“ಓಡದೆ ಇರೋ ವಂಡಿ ಪೆಟ್ರೋಲು ಕುಡಿಯೋದು ಹೆಂಗೆ?”

ಹಿಂದಿನ ಸೀಟಿನಲ್ಲಿ ಸಾಂತಿ ಫೋನನ್ನು ಮೆಲ್ಲಗೆ ಸೆರಗಿನೊಳಗೆ ಇಟ್ಟುಕೊಂಡರು. ಎಲ್ಲರೂ ಅವರ ಕಡೆ ತಿರುಗಿದರು.

“ಮಧ್ಯಾಹ್ನ ಬಿಸಿಲು ಅಲ್ವಾ” ಎಂದರು ಸಾಂತಿ. “ಗಾಜು ಇಳಿಸಿದ್ರೆ ತರಿ ಸದ್ದು. ಏರಿಸಿದ್ರೆ ಬೇಯ್ತದೆ. ಅದಕ್ಕೆ ಸ್ಟಾರ್ಟ್ ಮಾಡಿ ಏಸಿ ಹಾಕ್ಕೊತೀನಿ.”

“ಎಷ್ಟೊತ್ತು?”

“ಜಾಸ್ತಿ ಇಲ್ಲ. ಎರಡು ಗಂಟೆ.”

“ದಿನಾ?”

“ಭಾನುವಾರ ಇಲ್ಲ. ಭಾನುವಾರ ಅಳಿಯ ಮನೇಲಿ ಇರ್ತಾರೆ, ಸುಗನ್ಯಾ ಮಾತಾಡಲ್ಲ.”

ಪ್ರಭಾಕರನ್ ಬಾನೆಟ್ಟಿಗೆ ಒರಗಿ ನಿಂತ. ಪೆಟ್ರೋಲು ಬೇಗ ಖಾಲಿಯಾಗುವುದು ಕಂಡು ಯಾರೋ ಕದಿಯುತ್ತಿದ್ದಾರೆಂದು ತೀರ್ಮಾನಿಸಿ, ಅವನು ಹೋದ ತಿಂಗಳೇ ಟ್ಯಾಂಕಿಗೆ ಬೀಗವಿರುವ ಮುಚ್ಚಳ ಹಾಕಿಸಿದ್ದ. ಕಳ್ಳಿ ದಿನಾ ಅವನಿಗೆ ಇಡ್ಲಿ ಬಡಿಸುತ್ತಿದ್ದಳು.

ರಂಗನಾಯಕಿ ಅಲ್ಲೇ ನಿಂತು ತೀರ್ಪು ಕೊಟ್ಟರು. “ವಂಡೀಲಿ ಏನೂ ಕಾಯಿಲೆ ಇಲ್ಲ. ನಿಂತಲ್ಲೇ ಎಂಜಿನ್ ಓಡಿ ಓಡಿ ಒಳಗೆಲ್ಲ ಕರಿ ಹಿಡಿದದೆ. ನಾಳೆ ಪ್ಲಗ್ಗು ಬದಲಿಸು, ಏರ್ ಫಿಲ್ಟರ್ ಬದಲಿಸು, ಆಯಿಲ್ ಬದಲಿಸು. ಆಮೇಲೆ ಓಡಿಸು. ಇಲ್ಲಿ ಊರೊಳಗಲ್ಲ. ವಾಲ್ಪಾರೈ ಘಟ್ಟ ಹತ್ತಿಸು. ಸಣ್ಣ ಗೇರಲ್ಲಿ, ಎಂಜಿನ್ ಕೂಗ್ಬೇಕು. ಕರಿಯೆಲ್ಲ ಸುಟ್ಟು ಆಚೆ ಹೋಗ್ತದೆ.”

“ಘಟ್ಟವಾ?” ಪ್ರಭಾಕರನ ದನಿ ಅರ್ಧಕ್ಕೆ ಇಳಿಯಿತು. “ನಲವತ್ತು ತಿರುವು ಅದೆ ಅಕ್ಕ.”

“ಮುಂದಕ್ಕೆ ತಾನೆ ಹೋಗೋದು? ನಿಂಗೆ ಬರ್ದೆ ಇರೋದು ಹಿಂದಕ್ಕಲ್ವಾ?” ಈ ಗುಟ್ಟು ತಿರುಚ್ಚಿ ರಸ್ತೆಯವರೆಗೂ ತಲುಪಿತ್ತು.

ಮರ್ಯಾದೆ ಉಳಿಸಿಕೊಳ್ಳಲು ಅವನು ಒಂದು ಬಾಣ ಬಿಟ್ಟ. “ಡಾಕ್ಟರು ನಿಮಗೂ ಅದೇ ಹೇಳಿರ್ಬೇಕಲ್ಲ ಅಕ್ಕ. ಕೂತಲ್ಲೇ ಕೂರ್ಬೇಡಿ, ನಡೀರಿ ಅಂತ.”

“ಹೇಳವ್ರೆ.”

“ಮತ್ತೆ?”

“ನಾನು ಹೊಗೆ ಬಿಡಲ್ಲ” ಎಂದು ರಂಗನಾಯಕಿ ಹೋಗಿ ಕುರ್ಚಿಯಲ್ಲಿ ಕೂತರು.

ಗುರುವಾರ ಪ್ಲಗ್ಗು, ಫಿಲ್ಟರು, ಆಯಿಲು ಆದವು. ಶುಕ್ರವಾರ ಪ್ರಭಾಕರನ್ ಲ್ಯಾಬಿಗೆ ರಜೆ ಹಾಕಿದ. ಕಾರಣದ ಜಾಗದಲ್ಲಿ ‘ಮನೆಯಲ್ಲಿ ಉಸಿರಾಟದ ತೊಂದರೆ’ ಎಂದು ಬರೆದ. ಯಾರದೆಂದು ಅವರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಸಾಂತಿ ಮೊದಲೇ ಹತ್ತಿ ಕೂತಿದ್ದರು, ಈ ಸಲ ಮುಂದಿನ ಸೀಟಿನಲ್ಲಿ. ಪೊಳ್ಳಾಚಿ ದಾಟಿ, ಆಳಿಯಾರು ದಾಟಿ, ಘಟ್ಟ ಶುರುವಾಯಿತು. ಎರಡನೆಯ ಗೇರಿನಲ್ಲಿ ಎಂಜಿನ್ನು ಕೂಗತೊಡಗಿತು; ಪ್ರಭಾಕರನೂ ಒಳಗೊಳಗೇ ಕೂಗತೊಡಗಿದ. ಮೊದಲ ತಿರುವಿನಲ್ಲಿ ಕಾರಿನ ಹಿಂದೆ ಮಸಿಯ ಮೋಡ ಎದ್ದಿತು. ಹಿಂದಿನಿಂದ ಬಂದ ಎಸ್ಟೇಟಿನ ಜೀಪಿನವನು ಪಕ್ಕಕ್ಕೆ ಬಂದು, ಕೆಮ್ಮುತ್ತಲೇ, ತಮಿಳಿನಲ್ಲಿ ಅವನ ವಂಶವನ್ನು ವಿಚಾರಿಸಿಕೊಂಡು ಮುಂದೆ ಹೋದ. ಐದನೆಯ ತಿರುವಿನಲ್ಲಿ ಸಾಂತಿಯ ಫೋನಿನ ಸಿಗ್ನಲ್ ಹೋಯಿತು.

“ಸುಗನ್ಯಾ? ಹಲೋ? ಅಮ್ಮುಣಿ?” ಮಗಳ ಮುದ್ದಿನ ಹೆಸರಿಗೂ ಓಗೊಡದ ಫೋನನ್ನು ಗಾಜಿಗೆ ಒತ್ತಿ ನೋಡಿದರು, ಅಲುಗಾಡಿಸಿ ನೋಡಿದರು. ಆಮೇಲೆ ಮಡಿಲಲ್ಲಿಟ್ಟುಕೊಂಡು, ಮಗಳಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದನ್ನೆಲ್ಲ ಮಗನಿಗೆ ಹೇಳತೊಡಗಿದರು. ನಾದಿನಿಯ ಓಲೆಯ ವಿಷಯ ಒಂಬತ್ತನೆಯ ತಿರುವಿಗೆ ಶುರುವಾಗಿ ಹದಿನೇಳನೆಯದಕ್ಕೆ ಮುಗಿಯಿತು. ಇಪ್ಪತ್ತರಲ್ಲಿ ಎದುರಿಗೆ ಬಸ್ಸು ಬಂತು. ಅದು ಕೂಗಿದ ಕೂಗಿಗೆ ಪ್ರಭಾಕರನ್ ಹೆದರಿ, ತನಗೇ ಗೊತ್ತಿಲ್ಲದೆ, ಹಿಂದಕ್ಕೆ ಹತ್ತು ಅಡಿ ನೆಟ್ಟಗೆ ತೆಗೆದು ದಾರಿ ಬಿಟ್ಟ. ಬಸ್ಸು ದಾಟಿ ಹೋಯಿತು.

“ಹಿಂದಕ್ಕೆ ಬಂತಲ್ಲ ಕಣ್ಣು” ಎಂದರು ಸಾಂತಿ.

“ಬಂತಮ್ಮ” ಎಂದ ಪ್ರಭಾಕರನ್.

ಮೂವತ್ತರ ಹೊತ್ತಿಗೆ ಕನ್ನಡಿಯಲ್ಲಿ ಮಸಿ ಕಾಣುವುದು ನಿಂತಿತ್ತು. ಮೇಲೆ ಟೀ ತೋಟದ ಪಕ್ಕ ನಿಲ್ಲಿಸಿ, ಚಹಾ ಕುಡಿದರು. ಅಲ್ಲಿ ತರಿ ಇರಲಿಲ್ಲ, ಎಂಜಿನ್ನೂ ಆಫ್ ಆಗಿತ್ತು. ಸಾಂತಿ ಕಾರಿನಿಂದ ಇಳಿದು ಹೊರಗೆ ನಿಂತು, “ಇಲ್ಲಿ ಗಾಜು ಏರಿಸೋದೇ ಬೇಡ” ಎಂದು ಅಚ್ಚರಿಯಿಂದ ಹೇಳಿದರು.

ಶನಿವಾರ ಸಂಜೆ ಐದಕ್ಕೆ ಗೂಡಿನ ಮುಂದೆ ಒಂದು ಸಣ್ಣ ಸಂತೆಯೇ ನೆರೆದಿತ್ತು. ರಾಮಲಿಂಗಂ ಗಡಿಯಾರ ನೋಡುತ್ತ ನಿಂತಿದ್ದರು. ತರಿ ಸದ್ದಿಲ್ಲದ ಜಾಗದಲ್ಲೂ ಅವರು ಕಿರುಚಿಯೇ ಮಾತಾಡುತ್ತಿದ್ದುದರಿಂದ ಐದನೆಯ ತರಿಯ ವಿಷಯ ಬಂಕಿಗೆಲ್ಲ ತಿಳಿಯಿತು. ಮಯಿಲ್‌ಸಾಮಿ ಟೆಂಪೋದಲ್ಲಿ ಹಗ್ಗ ಸಮೇತ ಬಂದಿದ್ದ, ಆದರೆ ಹಗ್ಗವನ್ನು ಯಾರಿಗೂ ಕಾಣದ ಹಾಗೆ ಸೀಟಿನ ಕೆಳಗೆ ಇಟ್ಟಿದ್ದ. ಖಾಲಿ ಕ್ಯಾರಿಯರ್ ಒಯ್ಯಲು ಬಂದ ಲೋಗನಾಥನ್ ಪ್ರಭಾಕರನ ಮುಖ ನೋಡಿ ಆಗಲೇ ಮನಸ್ಸಿನಲ್ಲಿ ಪಾಸ್ ಒತ್ತಿಬಿಟ್ಟಿದ್ದರು. ಸಾಂತಿ ಹಿಂದಿನ ಸೀಟಿನಿಂದ ಇಳಿಯಲು ಒಪ್ಪಲಿಲ್ಲ.

ಎಂಜಿನ್ನು ಕಾದಿತ್ತು. ರಂಗನಾಯಕಿ ಫೋಟೋ ತೆಗೆದರು. ಪೈಪು ತುರುಕಿದರು. ಪರದೆಯ ಮೇಲೆ ಅಂಕಿ ಎದ್ದಿತು. ಸೊನ್ನೆ ಬಿಂದು ಏಳು. ರಾಮಲಿಂಗಂ ಖಾಲಿ ಜಾಗವನ್ನು ಮನಸ್ಸಿನಲ್ಲೇ ಅಳೆಯತೊಡಗಿದರು. ಸೊನ್ನೆ ಬಿಂದು ಆರು ಒಂದು. ಐದು ಐದು. ಸೆಲ್ವಿ ಪೆಟ್ರೋಲ್ ಹಾಕುವುದನ್ನು ನಿಲ್ಲಿಸಿ ಬಂದು ಇಣುಕಿದಳು. ಐದು ಎರಡು. ಅಲ್ಲೇ ನಿಂತಿತು. ಪ್ರಭಾಕರನ್ ಉಸಿರು ಬಿಗಿಹಿಡಿದ, ತನ್ನ ಉಸಿರೂ ಲೆಕ್ಕಕ್ಕೆ ಸೇರೀತು ಎಂಬ ಹಾಗೆ. ಅಂಕಿ ಕದಲಿತು. ಐದು. ನಾಲ್ಕು ಒಂಬತ್ತು. ನಾಲ್ಕು ಎಂಟು. ಅದರ ಮೇಲೆ ಕದಲಲಿಲ್ಲ.

“ಪಾಸ್” ಎಂದರು ರಂಗನಾಯಕಿ. ಫೇಲ್ ಎನ್ನುವಾಗಿನ ದನಿಯೇ ಅದು.

ಕಾರಿನೊಳಗಿಂದ ಸಾಂತಿ ಮಗಳಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದು ಹೊರಗಿನವರಿಗೂ ಕೇಳಿಸಿತು. ರಾಮಲಿಂಗಂ “ಹೋಗ್ಲಿ, ತರೀಗೆ ಮೇಲೆ ಮಹಡಿ ಕಟ್ಟಿಸ್ತೀನಿ” ಎಂದು ಕಿರುಚಿ ಚಹಾದ ಅಂಗಡಿಗೆ ನಡೆದರು. ಮಯಿಲ್‌ಸಾಮಿ ಬಂದು ಬಾನೆಟ್ಟಿನ ಮೇಲೆ ಕೊನೆಯ ಸಲ ಅಂಗೈ ಇಟ್ಟ. “ಐದು ವರ್ಷ ಆದ್ಮೇಲೆ ಬರ್ತೀನಿ” ಎಂದು ಅದಕ್ಕೇ ಹೇಳಿದ.

ಸರ್ಟಿಫಿಕೇಟು ಪ್ರಿಂಟರಿನಿಂದ ಬರುತ್ತಿತ್ತು. ಪ್ರಭಾಕರನಿಗೆ ಸುಮ್ಮನೆ ತೆಗೆದುಕೊಂಡು ಹೋಗುವ ಬುದ್ಧಿ ಇರಬೇಕಿತ್ತು. ಆದರೆ ಐದು ದಿನದಲ್ಲಿ ಈ ಹೆಂಗಸಿನ ಬಗ್ಗೆ ಎಷ್ಟೋ ವಿಷಯ ಕೇಳದೆಯೇ ತೀರ್ಮಾನಿಸಿ ಕೆಟ್ಟಿದ್ದ. ಇದೊಂದನ್ನಾದರೂ ಕೇಳಿಬಿಡೋಣ ಎನ್ನಿಸಿತು.

“ಅಕ್ಕ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಮ್ಮ ಹಿಂದೆ ಕೂತಿದ್ರು, ಅಪ್ಪ ವಾಚ್ ನೋಡ್ತಿದ್ರು, ನಾನು ಘಟ್ಟ ಹತ್ತಿ ಜೀವ ಕೈಯಲ್ಲಿ ಹಿಡ್ಕೊಂಡು ಬಂದೆ. ಅದು ಸೊನ್ನೆ ಬಿಂದು ಐದು ಒಂದಕ್ಕೆ ನಿಂತಿದ್ರೆ?”

ರಂಗನಾಯಕಿ ಕಾಗದವನ್ನು ಬೆಳಕಿಗೆ ಹಿಡಿದು, ಅಕ್ಷರ ತಪ್ಪಿಲ್ಲವೆಂದು ನೋಡಿ, ಅವನ ಕೈಗಿಟ್ಟರು.

“ಅಮ್ಮನ್ನ ಕೆಳಗೆ ಇಳಿಸ್ಕೊ ಅಂತ ಹೇಳಿ, ಟೆಂಪೋಗೆ ಹಗ್ಗ ನಾನೇ ಕಟ್ತಿದ್ದೆ.”